ಹಳೆಯ ಬೋರ್ಡಿನ ಆನೆ

ಹುದಿಕೇರಿ ಸುತ್ತಲಿನ ತೋಟಗಳಲ್ಲಿ ಉಷಾರಾಣಿಯ ಮುಖ ನೋಡಿದವರಿಗಿಂತ ಅವಳ ದನಿ ಕೇಳಿದವರೇ ಹೆಚ್ಚು. "ಆ ಕಡೆ ಹೋಗ್ಬೇಡಿ, ಆನೆ ಇದೆ" ಎಂದು ಫೋನಿನಲ್ಲಿ ಹೇಳುವ ಹೆಂಗಸು ಎಂದೇ ಅವಳ ಪರಿಚಯ. ಅವಳು ಹುಟ್ಟಿದ್ದು ಕುಶಾಲನಗರದ ಹತ್ತಿರ, ಅಜ್ಜನ ಕಾಲಕ್ಕೆ ಹಾಸನ ಕಡೆಯಿಂದ ಬಂದು ಜೋಳ, ಶುಂಠಿ ಬೆಳೆದು ನೆಲೆನಿಂತ ಮನೆಯಲ್ಲಿ. ವಿರಾಜಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದವಳು ಜೀಪ್ ಡ್ರೈವರನೊಬ್ಬನನ್ನು ಮದುವೆಯಾಗಿ ಹುದಿಕೇರಿಗೆ ಬಂದಳು. ತೋಟದ ಮಾಲೀಕರೆಲ್ಲ ಸೇರಿ ಆನೆ ಕಾವಲಿಗೆಂದು ಬಳಗ ಕಟ್ಟಿಕೊಂಡಾಗ, ಅದರ ಹಿರಿಯರಾದ ಬೊಳ್ಳಪ್ಪನವರು ತಮ್ಮ ಕಾಫಿ ಗೋದಾಮಿನ ಪಕ್ಕದ ಕೋಣೆಯಲ್ಲಿ ಅವಳಿಗೊಂದು ಕುರ್ಚಿ, ಕಂಪ್ಯೂಟರ್ ಹಾಕಿಸಿಕೊಟ್ಟರು.

ಆನೆಗಳ ಬಗ್ಗೆ ಸಂಶೋಧನೆ ಮಾಡಲು ಬಂದಿದ್ದ ಸಿದ್ಧಾರ್ಥ ಎಂಬ ಹುಡುಗ ಇಂಟರ್ನೆಟ್ಟಿನಲ್ಲಿ ಒಂದು ವೈಟ್‌ಬೋರ್ಡ್ ತಯಾರಿಸಿದ್ದ. ಕೊನೆಯಿಲ್ಲದ ಬಿಳಿ ಹಾಳೆಯ ಹಾಗಿತ್ತು ಅದು. ನಡುವೆ ಎಲ್ಲ ತೋಟಗಳ ನಕ್ಷೆ, ಸುತ್ತ ತೋಟಕ್ಕೊಂದು ಚೌಕ. ನಕ್ಷೆಯಲ್ಲಿ ತೋಟದ ಹೆಸರು ಒತ್ತಿದರೆ ಬೋರ್ಡು ಆ ತೋಟದ ಚೌಕಕ್ಕೆ ಹಾರಿ ನಿಲ್ಲುತ್ತಿತ್ತು. ಆನೆ ಎಲ್ಲಿದೆ, ಯಾವ ದಾರಿ ಮುಚ್ಚಿದೆ ಎಲ್ಲ ಅಲ್ಲಿರುತ್ತಿತ್ತು. ಆನೆಯಿದ್ದರೆ ಚೌಕ ಕೆಂಪು, ಇಲ್ಲದಿದ್ದರೆ ಹಸಿರು. ಕಾಡಂಚಿನಲ್ಲಿ ಆನೆ ಜಾಡು ಹಿಡಿಯುವವರು ಫೋನ್ ಮಾಡಿದಂತೆಲ್ಲ ಉಷಾರಾಣಿ ಬಣ್ಣ ಬದಲಿಸುತ್ತಿದ್ದಳು. ಕೆಲಸದ ಲೆಕ್ಕ ನೋಡಿಕೊಳ್ಳುವ ತೋಟದ ರೈಟರುಗಳು ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ತಮ್ಮ ತೋಟದ ಹೆಸರು ಒತ್ತಿ, ಹಸಿರು ಕಂಡ ಮೇಲೆಯೇ ಆಳುಗಳನ್ನು ಕೆಲಸಕ್ಕೆ ಇಳಿಸುತ್ತಿದ್ದರು.

ರೊಬಸ್ಟಾ ಕಾಫಿ ಹಣ್ಣಾಗುವ ಹೊತ್ತಿಗೆ ಸಿದ್ಧಾರ್ಥ ಅಸ್ಸಾಮಿಗೆ ಹೊರಟುನಿಂತ. "ಅಕ್ಕ, ಈ ಬೋರ್ಡ್ ನನ್ನ ಸಂಸ್ಥೆ ಹೆಸರಲ್ಲಿದೆ. ಯಾವಾಗ ಬೇಕಾದ್ರೂ ನಿಲ್ಸಬಹುದು. ನಿಮ್ಮ ಬಳಗದ ಹೆಸರಲ್ಲಿ ಹೊಸದು ಮಾಡಿದ್ದೀನಿ, ಎಲ್ಲ ಅದಕ್ಕೆ ಕಾಪಿ ಮಾಡ್ಕೊಂಬಿಡಿ" ಎಂದ.

ಅಷ್ಟನ್ನೂ ಒಟ್ಟಿಗೆ ಎತ್ತಲು ಹೋದರೆ ಕಂಪ್ಯೂಟರ್ ನಿಂತೇಹೋಗುತ್ತಿತ್ತು. ಅಲ್ಲಿನ ನೆಟ್ ಅಷ್ಟಕ್ಕಷ್ಟೆ. ಅದಕ್ಕೇ ಉಷಾರಾಣಿ ಮೊದಲು ನಕ್ಷೆಯನ್ನು, ಆಮೇಲೆ ಒಂದೊಂದೇ ಚೌಕವನ್ನು ಕಾಪಿ ಮಾಡಿ ಹೊಸ ಬೋರ್ಡಿನಲ್ಲಿ ಅಂಟಿಸಿದಳು. ಗೆರೆ, ಬಣ್ಣ, ಆನೆಯ ಗುರುತು ಎಲ್ಲ ಇದ್ದಲ್ಲಿಯೇ ಇದ್ದವು. ಹೊಸ ಬೋರ್ಡಿನ ವಿಳಾಸವನ್ನು ಎಲ್ಲರಿಗೂ ವಾಟ್ಸಾಪ್ ಮಾಡಿ, ನಿಶ್ಚಿಂತೆಯಿಂದ ಮನೆಗೆ ಹೋದಳು.

ಮಾರನೆಯ ದಿನ ಜಯಪ್ರಕಾಶ್ ಫೋನ್ ಮಾಡಿದ. ತೊರೆಯ ಪಕ್ಕದ ತೋಟವೊಂದರ ರೈಟರ್ ಅವನು.

"ಉಷಕ್ಕ, ನಮ್ಮ ದಾರೀಲಿ ಹಸಿ ಲದ್ದಿ ಬಿದ್ದಿದೆ. ಬೋರ್ಡಲ್ಲಿ ನೋಡಿದ್ರೆ ಹಸಿರಿದೆಯಲ್ಲ?"

"ಬೆಳಿಗ್ಗೆ ಕೆಂಪಿತ್ತು ಜಯಣ್ಣ, ಈಗ್ಲೇ ಹಸಿರು ಮಾಡಿದ್ದು. ದಾಟಿ ಹೋಗಿದೆ ಅದು."

ಅವನು ಹಸಿರು ನೋಡಿದ್ದು ಬೆಳಿಗ್ಗೆಯೇ, ಕೆಂಪಿರಬೇಕಾದ ಹೊತ್ತಿನಲ್ಲೇ ಎಂಬುದು ಅವಳಿಗೆ ಹೊಳೆಯಲಿಲ್ಲ. ಸಂಜೆ ಇನ್ನೊಂದು ತೋಟದ ಡ್ರೈವರ್ ಸಿಕ್ಕಿ, "ಏನಕ್ಕ, ಕೆರೆ ಹತ್ರದ ಆನೆಗಳು ಅಲ್ಲೇ ನಿದ್ದೆ ಹೋದ್ವಾ? ಬೋರ್ಡಲ್ಲಿ ಕದಲ್ತಾನೇ ಇಲ್ಲ" ಎಂದು ನಕ್ಕ. ಅವಳೂ ನಕ್ಕಳು. ಆ ಹಿಂಡು ಅಂದು ಬೆಳಿಗ್ಗೆಯೇ ಕೆರೆ ಬಿಟ್ಟಿತ್ತು. ಅವನ ಮೊಬೈಲೇ ಹಳೆಯದಿರಬೇಕು ಎಂದುಕೊಂಡಳು. ಆದರೂ ಮನೆಗೆ ನಡೆಯುವಾಗ ಏನೋ ಒಂದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಮಂಜು ಇನ್ನೂ ಕಾಫಿ ಗಿಡಗಳ ಮೇಲೆಯೇ ಕೂತಿತ್ತು. ಒಂಟಿ ಸಲಗವೊಂದು ತೊರೆ ದಾಟಿ ಜಯಪ್ರಕಾಶನ ತೋಟಕ್ಕೆ ಹೊಕ್ಕಿದೆ ಎಂದು ಜಾಡಿನವರು ತಿಳಿಸಿದರು. ಉಷಾರಾಣಿ ಕೂಡಲೇ ಚೌಕವನ್ನು ಕೆಂಪು ಮಾಡಿದಳು. ಸ್ವಲ್ಪ ಹೊತ್ತಿಗೆ ಅವರದೇ ಫೋನ್ ಮತ್ತೆ ಬಂತು.

"ಮೇಡಂ, ತೊರೆ ಕಡೆ ಹೆಂಗಸರು ಮಾತಾಡೋದು ಕೇಳ್ತಾ ಇದೆ. ನೀವು ಹೇಳಿಲ್ವಾ?"

ಅವಳು ಜಯಪ್ರಕಾಶನಿಗೆ ಫೋನ್ ಮಾಡಿದಳು. "ಜಯಣ್ಣ, ಕೆಂಪು ಹಾಕಿದ್ದೀನಲ್ಲ, ಯಾಕೆ ಜನ ಬಿಟ್ರಿ?"

"ಎಲ್ಲಿ ಕೆಂಪು? ಹಸಿರೇ ಇದೆ. ಎರಡ್ಸಲ ಒತ್ತಿ ನೋಡ್ದೆ."

ಅವಳ ಕಂಪ್ಯೂಟರಿನಲ್ಲಿ ಚೌಕ ಕಣ್ಣು ಕುಕ್ಕುವಷ್ಟು ಕೆಂಪಾಗಿತ್ತು. ಅವಳು ಯಾವತ್ತೂ ಹೆಸರು ಒತ್ತಿ ನೋಡಿದವಳಲ್ಲ. ಮೌಸ್ ಹಿಡಿದು ಬೋರ್ಡನ್ನು ಸರಿಸಿಕೊಂಡೇ ಕೆಲಸ ಮಾಡುತ್ತಿದ್ದಳು. ಈಗ ತನ್ನ ಮೊಬೈಲ್ ತೆಗೆದು, ನಕ್ಷೆಯಲ್ಲಿ ಆ ತೋಟದ ಹೆಸರು ಒತ್ತಿದಳು. ಚೌಕ ತೆರೆಯಿತು. ಹಸಿರು! ಮೇಲೆ ಸಣ್ಣ ಅಕ್ಷರದಲ್ಲಿ ಹಳೆಯ ಬೋರ್ಡಿನ ಹೆಸರಿತ್ತು.

ನಕ್ಷೆಯೇನೋ ಹೊಸ ಬೋರ್ಡಿಗೆ ಬಂದಿತ್ತು, ಆದರೆ ಅದರ ಹೆಸರುಗಳ ಹಿಂದಿದ್ದ ಲಿಂಕುಗಳು ಹಳೆಯ ಬೋರ್ಡಿನ ಚೌಕಗಳನ್ನೇ ತೆರೆಯುತ್ತಿದ್ದವು. ಹೆಸರು ಒತ್ತಿದವರೆಲ್ಲ ತಮಗೇ ಗೊತ್ತಾಗದಂತೆ ಅಲ್ಲಿಗೆ ಹೋಗಿ, ಕಾಪಿ ಮಾಡಿದ ದಿನದ ಆನೆಗಳನ್ನೇ ನೋಡುತ್ತಿದ್ದರು.

"ಜಯಣ್ಣ, ಅದು ಹಳೇದು! ಸುಳ್ಳು ಅದು! ಜನನ ವಾಪಸ್ ಕರೀರಿ!"

"ಕೆಳಗೆ ಟವರ್ ಸಿಗಲ್ಲ ಅಕ್ಕ..." ಎಂದವನು ಫೋನ್ ಕಟ್ ಮಾಡದೆ ಅಲ್ಲೇ ಎಸೆದು ಜೀಪಿನ ಕಡೆ ಓಡಿದ. ಹಾರ್ನಿನ ಸದ್ದು ದೂರವಾಗುತ್ತ ಹೋಗುವುದು ಅವಳಿಗೆ ಕೇಳುತ್ತಿತ್ತು. ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು. ಇದು ಒಂದು ತೋಟದ ಮಾತಲ್ಲ. ಈ ಮಂಜಿನಲ್ಲಿ ಎಲ್ಲ ತೋಟಗಳಲ್ಲೂ ಜನ ಹಳೆಯ ಹಸಿರನ್ನು ನಂಬಿ ನಡೆಯುತ್ತಿದ್ದಾರೆ. ಅವಳು ಇನ್ನೊಂದು ಫೋನ್ ಎತ್ತಿಕೊಂಡು ಒಬ್ಬೊಬ್ಬ ರೈಟರಿಗೂ ಕರೆ ಮಾಡತೊಡಗಿದಳು. ಕೆಲವರು ಎತ್ತಿದರು. ಕೆಲವರದು ರಿಂಗಾಗುತ್ತಲೇ ಇತ್ತು.

ತೊರೆಯ ದಾರಿಯಲ್ಲಿ ಆದದ್ದನ್ನು ಆಮೇಲೆ ಹೇಳಿದವಳು ಮುತ್ತಿ, ತೋಟದ ಆಳುಗಳ ಲೈನ್ ಮನೆಯ ಹಿರಿಯ ಹೆಂಗಸು. ಮುಂದೆ ಕಾವಲುಗಾರ ಕರಿಬಸಪ್ಪ, ಹಿಂದೆ ಅವಳು, ಅವಳ ಹಿಂದೆ ಉಳಿದವರು. "ಒಂದ್ ಹಕ್ಕೀನೂ ಕೂಗ್ತಿರ್ಲಿಲ್ಲ ಉಷಮ್ಮ. ಕರಿಬಸಪ್ಪ ಕೈ ಎತ್ತಿ ನಿಂತ. ನಂಗೆ ಮೊದ್ಲು ವಾಸ್ನೆ ಬಂತು. ಆಮೇಲೆ ಗಿಡದ ಮಧ್ಯ ಕಿವಿ ಅಲ್ಲಾಡ್ತು." ಕರಿಬಸಪ್ಪ ಅವಳನ್ನು ಪಕ್ಕದ ಕಂದಕಕ್ಕೆ ದೂಡಿ, ಉಳಿದವರಿಗೆ ಓಡಿ ಎಂದು ಕೂಗಿದ. ತಾನು ಓಡಲು ತಿರುಗುವಷ್ಟರಲ್ಲಿ ಸಲಗ ಅವನನ್ನು ಸೊಂಡಿಲಿನಿಂದ ಬೀಸಿ ಎಸೆಯಿತು. ಸಿಲ್ವರ್ ಓಕ್ ಮರದ ಬುಡಕ್ಕೆ ಬಿದ್ದವನ ಮೇಲೆ ಅದು ಕಾಲಿಡುವ ಮೊದಲು ಜೀಪಿನ ಹಾರ್ನ್ ಕೇಳಿತು. ಸಲಗ ಕ್ಷಣ ನಿಂತು, ಕಾಫಿ ಗಿಡಗಳನ್ನು ಮುರಿಯುತ್ತ ಮಂಜಿನೊಳಗೆ ಹೋಯಿತು.

ಕರಿಬಸಪ್ಪನ ಸೊಂಟದ ಮೂಳೆ ಮುರಿದಿತ್ತು. ಅವನನ್ನು ವಿರಾಜಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಉಳಿದ ತೋಟಗಳ ಜನ ಕ್ಷೇಮವಾಗಿ ಹಿಂತಿರುಗಿದರೆಂದು ತಿಳಿದ ಮೇಲೆಯೇ ಉಷಾರಾಣಿ ಸಿದ್ಧಾರ್ಥನಿಗೆ ಫೋನ್ ಮಾಡಿದ್ದು.

ವಿಷಯ ಕೇಳಿ ಅವನು ಎರಡೂ ಬೋರ್ಡು ತೆರೆದು ನೋಡಿದ. ಆಮೇಲೆ, "ನಕ್ಷೇನೂ ಚೌಕಾನೂ ಒಟ್ಟಿಗೆ ಕಾಪಿ ಮಾಡಿದ್ರೆ ಲಿಂಕೂ ಜೊತೇಲಿ ಬರುತ್ತೆ ಅಕ್ಕ. ಬಿಡಿಬಿಡಿಯಾಗಿ ತಂದ್ರೆ ಹಳೇ ವಿಳಾಸಾನೇ ಇಟ್ಕೊಂಡಿರುತ್ತೆ. ನಾನೇ ಹೇಳ್ಬೇಕಿತ್ತು" ಎಂದ.

"ಮೊದ್ಲು ಆ ಹಳೇದನ್ನ ಅಳಿಸಿಬಿಡಪ್ಪ. ಲಿಂಕ್ ಒತ್ತಿದ್ರೆ ಏನೂ ತೆರೀದೇ ಇರ್ಲಿ, ಪರ್ವಾಗಿಲ್ಲ."

ಅವನು ಅಳಿಸಿದ. ಅವಳು ಒಂದೊಂದೇ ಹೆಸರಿಗೆ ಹೊಸ ಬೋರ್ಡಿನ ಚೌಕವನ್ನು ಜೋಡಿಸಿ, ಪ್ರತಿಯೊಂದನ್ನೂ ಮೊಬೈಲಿನಲ್ಲಿ ಒತ್ತಿ ನೋಡಿದಳು. ಬೊಳ್ಳಪ್ಪನವರು ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಮರುದಿನ ಅವಳು ಆಸ್ಪತ್ರೆಗೆ ಹೋದಳು. ಮಂಚದ ಪಕ್ಕದಲ್ಲಿ ಮುತ್ತಿ ಕೂತಿದ್ದಳು. ಉಷಾರಾಣಿ ಆದದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು. ಕರಿಬಸಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡ.

"ಅದೆಲ್ಲ ನಂಗೆ ಗೊತ್ತಾಗಲ್ಲ ಕಣಮ್ಮ. ಅದು ಈಗ ಎಲ್ಲೈತೆ, ಅದು ಹೇಳು" ಎಂದ.

ಸಲಗ ತೊರೆ ದಾಟಿ ವಾಪಸ್ ಹೋದ ಗುರುತಿಲ್ಲ, ಬೇರೆ ತೋಟದಲ್ಲಿ ಕಂಡವರೂ ಇಲ್ಲ ಎಂದು ಜಾಡಿನವರು ಹೇಳಿದ್ದರು. "ಗೊತ್ತಿಲ್ಲಣ್ಣ" ಎಂದಳು. ಮುತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು.

ಹಿಂತಿರುಗಿ ಬಂದು ಉಷಾರಾಣಿ ಬೋರ್ಡಿಗೆ ಹೊಸದೊಂದು ಬಣ್ಣ ಸೇರಿಸಿದಳು: ಬೂದು. ಸುದ್ದಿಯಿಲ್ಲ, ಯಾರೂ ಇಳಿಯಬೇಡಿ ಎಂದು ಅದರ ಅರ್ಥ. ಆ ವಾರವೆಲ್ಲ ಜಯಪ್ರಕಾಶನ ತೋಟ ಬೂದಾಗಿಯೇ ಉಳಿಯಿತು. ಹಣ್ಣು ಗಿಡದಲ್ಲೇ ಕಪ್ಪಾಗತೊಡಗಿತು. ಲೈನ್ ಮನೆಯವರು ಬಾಗಿಲು ಹಾಕಿಕೊಂಡು ಒಳಗೇ ಇದ್ದರು.