ಅವ್ವ ಹಿಡಿದ ಸೂತಕ

ನಮ್ಮ ಡಾಕ್ಟರಬಾಯಿಯ ಎಡಹುಬ್ಬು ನಡುವೆ ಸೀಳಿತ್ತು. ಆ ಗೆರೆಯಲ್ಲಿ ಕೂದಲು ಹುಟ್ಟುತ್ತಿರಲಿಲ್ಲ. ಅಫಜಲಪುರದ ನಮ್ಮ ಮನೆಯ ಮಾಳಿಗೆ ಖೋಲಿಗೆ ಬಾಡಿಗೆಗೆ ಬಂದ ದಿನವೇ ಅವ್ವ ಕೇಳಿಬಿಟ್ಟಳು: “ಸಣ್ಣಾಕಿದ್ದಾಗ ಬಿದ್ದಿದ್ದೇನವ್ವ?”

“ನಾ ಬಿದ್ದಿಲ್ಲವ್ವ. ಕಿಟಕಿ ಬಿತ್ತು.”

ಅವರು ಯೆಮೆನ್ ದೇಶದವರು. ಊರಿಗೆ ಬಾಂಬು ಬಿದ್ದ ದಿನ ಮನೆಯ ಗಾಜು ಒಡೆದು ಹಾರಿತ್ತಂತೆ. ಕಲಬುರಗಿಯಲ್ಲಿ ಹೆರಿಗೆ ಡಾಕ್ಟರಿಕೆ ಓದುತ್ತಾ, ಕೆಲವು ತಿಂಗಳ ಮಟ್ಟಿಗೆ ನಮ್ಮೂರ ಆಸ್ಪತ್ರೆಗೆ ಬಂದಿದ್ದರು. ತಮ್ಮ ಹರಕು ಕನ್ನಡವನ್ನು ಅವ್ವನಿಂದ ತಿದ್ದಿಸಿಕೊಳ್ಳುತ್ತಿದ್ದರು. ಒಮ್ಮೆ, “ಕುರ್ಚಿ, ಸಾಬೂನು, ತಾರೀಖು, ಇವೆಲ್ಲ ನಮ್ಮ ಅರಬ್ಬಿ ಮಾತವ್ವ!” ಎಂದು ಹಿಗ್ಗಿದರು.

“ಹಂಗಾದ್ರ ಬಾಡಿಗಿ ನಾವೇ ಕೊಡಬೇಕಲ್ಲಬೇ ನಿನಗ!” ಎಂದು ಅವ್ವ ನಕ್ಕಳು.

ಆಗ ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಹೆರಿಗೆಯೇನೋ ಸುಸೂತ್ರವಾಯಿತು, ರಕ್ತ ಮಾತ್ರ ನಿಲ್ಲಲಿಲ್ಲ. ಔಷಧಿಗೂ ಬಗ್ಗಲಿಲ್ಲ. ಕಲಬುರಗಿಗೆ ಹೊರಟ ಆಂಬುಲೆನ್ಸಿನಲ್ಲಿ ಡಾಕ್ಟರಬಾಯಿ ನನ್ನ ಪಕ್ಕ ಮೊಣಕಾಲೂರಿ, ಒಂದು ಕೈ ಒಳಗಿಟ್ಟು, ಇನ್ನೊಂದರಿಂದ ಹೊಟ್ಟೆ ಒತ್ತಿ ಗರ್ಭಕೋಶವನ್ನು ಅದುಮಿ ಹಿಡಿದರು. ದಾರಿಯುದ್ದಕ್ಕೂ ಬಿಡಲಿಲ್ಲ. ಗೊಬ್ಬೂರ ದಾಟುವಾಗ ಡ್ರೈವರ್, “ಕೈ ಸೋತಾವೇನ್ರಿ ಮೇಡಂ? ಒಂಚೂರು ನಿಲ್ಲಸ್ಲೇನು?” ಅಂದ.

“ನಿಂತ್ರ ಈಕಿ ಸಾಯ್ತಾಳ. ಹೊಡಿ!” ಎಂದು ಅವರು ಗದರಿದ್ದು ಕೇಳಿಸಿತು. ಆಮೇಲೆ ನನಗೆ ಎಚ್ಚರವಿರಲಿಲ್ಲ.

ನಾನು ಬದುಕಿದೆ. ಮರುದಿನ ಅವರಿಗೆ ಬೆರಳು ಮಡಚಲೂ ಬರುತ್ತಿರಲಿಲ್ಲ. ಅವ್ವನೇ ತುತ್ತು ಮಾಡಿ ಉಣಿಸಿದಳು.

ಓದು ಮುಗಿಸಿ ಅವರು ತಮ್ಮ ದೇಶಕ್ಕೆ ಹೊರಟಾಗ ಅವ್ವ ಬ್ಯಾಗು ಹಿಡಿದುಕೊಂಡು ಬಿಡಲಿಲ್ಲ. “ಯುದ್ಧ ನಡದಲ್ಲಿಗಿ ಯಾಕ ಹೋಗ್ತೀಬೇ? ಇಲ್ಲೇನ್ ಬಸುರ್ಯಾರಿಗಿ ಬರ ಬಂದದೇನು?”

“ಇಲ್ಲಿ ನಾ ಹೋದ್ರ ಇನ್ನೊಬ್ರು ಬರ್ತಾರವ್ವ. ಅಲ್ಲಿ ಯಾರೂ ಬರಂಗಿಲ್ಲ.”

ಅಲ್ಲಿಂದ ಆಗಾಗ ಫೋನು ಬರುತ್ತಿತ್ತು. ಕರೆಂಟಿಲ್ಲ, ಔಷಧಿಯಿಲ್ಲ ಎನ್ನುತ್ತಿದ್ದರು. ವಾಪಸು ಬನ್ನಿ ಎಂದರೆ ಮಾತು ತಿರುಗಿಸಿ ನನ್ನ ಮಗಳನ್ನು ವಿಚಾರಿಸುತ್ತಿದ್ದರು. ಒಂದು ಮುಂಜಾನೆ ಅದೇ ನಂಬರಿನಿಂದ ಅವರ ತಂಗಿ ಮಾತಾಡಿದಳು. ಹೆರಿಗೆ ವಾರ್ಡಿನ ಮೇಲೆ ಬಾಂಬು ಬಿದ್ದಿತ್ತು. ಒಳಗಿದ್ದವರು ಯಾರೂ ಉಳಿದಿರಲಿಲ್ಲ.

ಅವ್ವ ಅಳಲಿಲ್ಲ. ಒಲೆ ಆರಿಸಿ, ತಲೆಗೆ ನೀರು ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಳು. ಮಧ್ಯಾಹ್ನ ಪಕ್ಕದ ಮನೆಯ ಕಾಕು ತಮ್ಮ ಬಸುರಿ ಮಗಳ ಕುಬಸಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಬಂದರು.

“ಬರಂಗಿಲ್ಲರಿ. ಸೂತಕ ಅದ. ಮಗಳು ಹೋದಳು,” ಅಂದಳು ಅವ್ವ.

ಕಾಕು ಬೆಚ್ಚಿ ನನ್ನತ್ತ ನೋಡಿದರು. “ಈಕಿ ಇಲ್ಲೇ ನಿಂತಾಳಲ್ರಿ!”

“ಈಕೀನ ಉಳಿಸಿದಾಕಿ ಹೋದಳು. ಡಾಕ್ಟರಬಾಯಿ.”

“ಅಯ್ಯ, ಆಕಿ ಅರಬ್ಬರಾಕಿ. ಕುಲ ಇಲ್ಲ, ಬಳಗ ಇಲ್ಲ. ನಿಮಗ ಸೂತಕ ಹೆಂಗ ಹತ್ತತದ?”

“ನನ್ನ ಮಗಳ ಜೀವಾ ಕಲಬುರಗಿ ತನಕ ಹಿಡಕೊಂಡು ಹೋದಾಕಿ. ಆಕೀಗಿ ಹಿಡೀಲಾರದ ಸೂತಕ ಮತ್ತ್ಯಾರಿಗಿ ಹಿಡೀಲ್ರಿ?”

ಕಾಕು ಕುಂಕುಮ ಹಚ್ಚದೆ ಎದ್ದು ಹೋದರು. ಸಿಟ್ಟಾದರೆಂದುಕೊಂಡೆ. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದರು. ತಮ್ಮ ಮನೆಯಲ್ಲಿ ಶುಭಕಾರ್ಯವಿದ್ದೂ, ಒಲೆ ಹೊತ್ತದ ಸಾವಿನ ಮನೆಗೆ ನೆರೆಯವರು ತರುವ ಹಾಗೆ ರೊಟ್ಟಿ, ಬ್ಯಾಳಿ ಕಟ್ಟಿಕೊಂಡು ಬಂದಿದ್ದರು.

“ಎರಡು ತುತ್ತು ಉಣ್ರಿ,” ಎಂದು ಪಕ್ಕದಲ್ಲಿ ಕುಳಿತರು.

ಆಗ ಅವ್ವ ಅತ್ತಳು.