ಹಾಟ್ ಡಾಗ್ ಎಂದರೆ ನಾಯಿಯೇ?

ಇವತ್ತು ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ಹತ್ತಿರದ ಹಾಟ್ ಡಾಗ್ ಗಾಡಿಯೊಂದರಿಂದ ಈರುಳ್ಳಿ ಹುರಿಯುವ ವಾಸನೆ ಬಂತು. ಬಾಲ್ಯದ ಒಂದು ಮಧ್ಯಾಹ್ನ ನೆನಪಾಯಿತು.

ಧಾರವಾಡದಿಂದ ಲಂಡನ್ನಿನ ಟೂಟಿಂಗ್‌ಗೆ ಬಂದು ನಮಗಿನ್ನೂ ತಿಂಗಳಾಗಿರಲಿಲ್ಲ. ನನಗಾಗ ಆರು ವರ್ಷ. ಪಕ್ಕದ ಮನೆಯ ಒಂಟಿ ಅಜ್ಜಿಯ ಕಂದು ನಾಯಿ ಎರಡು ದಿನದಿಂದ ಕಂಡಿರಲಿಲ್ಲ. ಆ ಮಧ್ಯಾಹ್ನ ಅಜ್ಜಿ ನಮ್ಮನ್ನು ಊಟಕ್ಕೆ ಕರೆದು, ಮಾಂಸದ ತುಂಡಿಟ್ಟ ಬನ್ನನ್ನು ಮುಂದಿಟ್ಟು "ಹಾಟ್ ಡಾಗ್" ಎಂದರು. ನನಗೆ ಬರುತ್ತಿದ್ದ ನಾಲ್ಕಾರು ಇಂಗ್ಲಿಷ್ ಪದಗಳಲ್ಲಿ ಆ ಎರಡೂ ಇದ್ದವು.

"ಅವ್ವಾ, ನಾಯೀನ್ನ ಕೊಯ್ದಾರ!" ಎಂದು ಚೀರಿದೆ.

ಅವ್ವ ನನ್ನನ್ನು ಎಳೆದುಕೊಂಡು ಮನೆಗೆ ಓಡಿ ಚಿಲಕ ಹಾಕಿದಳು. ಅಪ್ಪ ಆಸ್ಪತ್ರೆಯ ಕೆಲಸ ಮುಗಿಸಿ ಬರುವವರೆಗೂ ಪರದೆ ಎಳೆದು ಕೂತಿದ್ದೆವು.

ನಡೆದದ್ದನ್ನು ಕೇಳಿ ಅಪ್ಪ ನಕ್ಕರು. "ಅದು ಬರೇ ಹೆಸರು. ಹಿಂದಕ ಅಮೆರಿಕದಾಗ, ಇದರಾಗ ನಾಯಿ ಮಾಂಸ ಹಾಕ್ತಾರಂತ ಮಂದಿ ಚಾಷ್ಟಿ ಮಾಡ್ತಿದ್ರಂತ. ಆ ಚಾಷ್ಟಿನ ಹೆಸರಾಗಿ ನಿಂತದ."

ಅವ್ವ ನಗಲಿಲ್ಲ. "ಹಂಗಾದ್ರ ಆ ನಾಯಿ ಎಲ್ಲಿ ಹೋತು?"

ಅಪ್ಪ ಹೋಗಿ ಕೇಳಿ ಬಂದರು. ನಾಯಿ ಮುಪ್ಪಿನಿಂದ ಸತ್ತಿತ್ತು. ಒಬ್ಬರೇ ಕೂತು ಉಣ್ಣಲಾಗದೆ ಅಜ್ಜಿ ನಮ್ಮನ್ನು ಕರೆದಿದ್ದರು.

ಅವ್ವ ಬಿಸಿ ಉಪ್ಪಿಟ್ಟನ್ನು ಡಬ್ಬಿಗೆ ತುಂಬಿಕೊಂಡು, ನನ್ನನ್ನೂ ಕರೆದುಕೊಂಡು ಅಜ್ಜಿಯ ಮನೆಗೆ ಹೊರಟಳು. ಅಜ್ಜಿ ಬಾಗಿಲು ತೆರೆದಾಗ ನಾನಿನ್ನೂ ಹೆದರಿ ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆ ಹೊತ್ತಿನಲ್ಲಿ ಅಜ್ಜಿಯ ಮುಖ ಹೇಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.