ಹಾಲುಗಂಬಕ್ಕೆ ಮಣ್ಣಿಲ್ಲದ ಅಂಗಳ

ಚೌಡಪ್ಪನಿಗೆ ಹಿಡಿಸಿದ ವಸ್ತುವೊಂದು ಈ ಭೂಮಿಯ ಮೇಲೆ ಇದೆಯೆಂದು ಯಾರೂ ಹೇಳಲಾರರು. ಭದ್ರಾವತಿಯ ಫೌಂಡ್ರಿಯೊಂದರಲ್ಲಿ ಅಚ್ಚಿನ ಪೆಟ್ಟಿಗೆಗಳಿಗೆ ಮರಳು ತುಂಬಿ ತುಂಬಿಯೇ ನಿವೃತ್ತನಾದ ಮನುಷ್ಯ. ಆ ಕಪ್ಪು ಧೂಳು ಕುಡಿದೇ ಗಂಡನ ಮೂಗು ಹೀಗೆ ಸದಾ ಮುರಿದಿರುತ್ತದೆ ಎಂದು ಹೆಂಡತಿ ಕಾಳಮ್ಮನ ಅಂಬೋಣ. ಹೋಟೆಲಿನ ಕಾಫಿಗೆ ಥೂ, ಬಸ್ಸಿನ ಸೀಟಿಗೆ ಥೂ, ಟೀವಿಯವರ ಕೂಗಾಟಕ್ಕಂತೂ ಕೇಳುವುದೇ ಬೇಡ. ಥೂ ಅನ್ನಿಸಿಕೊಳ್ಳದೆ ಉಳಿದವಳೆಂದರೆ ತಂಗಿ ಶೇಷಮ್ಮನ ಮಗಳು ಕವನ ಒಬ್ಬಳೇ. ಚಿಕ್ಕಂದಿನಲ್ಲಿ ಶಾಲೆಗೆಂದು ಭದ್ರಾವತಿಯಲ್ಲಿ ಅವನ ಮನೆಯಲ್ಲೇ ಇದ್ದು, ಅವನ ಸೈಕಲ್ಲಿನ ಮುಂದೆ ಕೂತು ಓಡಾಡಿ ಬೆಳೆದವಳು.

ಅವಳ ಮದುವೆ ಗೊತ್ತಾದ ಮೇಲೆ ಚೌಡಪ್ಪನಿಗೆ ಒಂದೇ ಧ್ಯಾನ. ಚಪ್ಪರದ ದಿನ ಹೆಣ್ಣಿನ ಮನೆಯ ಮುಂದೆ ಹಾಲುಗಂಬ ನೆಡುವವನು ಸೋದರಮಾವ. ಅತ್ತಿಯ ಕೊಂಬೆ ತಂದು, ತಾನೇ ಗುಂಡಿ ತೋಡಿ ನೆಟ್ಟು, ಬುಡಕ್ಕೆ ಹಾಲೆರೆಸಬೇಕು. ಮಿಕ್ಕ ಶಾಸ್ತ್ರಗಳೆಲ್ಲ ಆಮೇಲೆ. ಮಕ್ಕಳಿಲ್ಲದ ಚೌಡಪ್ಪನ ಪಾಲಿಗೆ ಬಂದದ್ದು ಈ ಕಂಬ ಒಂದೇ.

ಅಷ್ಟರಲ್ಲಿ ಮಲವಗೊಪ್ಪದ ಮನೆಯ ಅಂಗಳಕ್ಕೆ ನೆಲ ಹಾಸಬೇಕೆಂಬ ಹುಚ್ಚು ಶೇಷಮ್ಮನ ಗಂಡ ಪ್ರಕಾಶನಿಗೆ ಹಿಡಿಯಿತು. ಅದು ಕೆಂಪು ಮಣ್ಣಿನ ಅಂಗಳ. ಕಾರು ಬಂದರೆ ಗಾಲಿ ಹೂತುಕೊಳ್ಳುತ್ತದಂತೆ, ಬೀಗರು ಏನೆಂದುಕೊಂಡಾರಂತೆ. ಪ್ರಕಾಶನಿಗೆ ಇರುವುದೊಂದು ಹಳೆಯ ಸ್ಕೂಟರ್. ಬರಲಿರುವ ಅಳಿಯನ ಕಾರಿಗೆ ಈ ಸಡಗರ! ಚೌಡಪ್ಪನಿಗೆ ಕೇಳಿಯೇ ವಾಕರಿಕೆ ಬಂತು. ಆದರೂ ಮರಳು, ಸಿಮೆಂಟು ಬಲ್ಲವನು ತಾನೊಬ್ಬನೇ ಎಂಬ ಜಂಬದಿಂದ ಅಂಗಡಿಗೆ ಜೊತೆಗೆ ಹೊರಟ.

ಅಂಗಡಿಯವನು ಮೊದಲು ಕಡಪ ಕಲ್ಲು ತೋರಿಸಿದ.

"ಥೂ, ಬಚ್ಚಲಿಗೆ ಹಾಕೋದನ್ನ ಬಾಗಿಲಿಗೆ ಹಾಕ್ತಾರೇನ್ರೀ?" ಎಂದ ಚೌಡಪ್ಪ. ಗ್ರಾನೈಟ್ ತೋರಿಸಿದಾಗ, "ಇದೇನು ಸಮಾಧಿ ಕಟ್ಟೋಕಾ? ಮಳೇಲಿ ಕಾಲಿಟ್ರೆ ಸೊಂಟ ಮುರಿಯೋದೇ!" ಎಂದು ಮುಖ ಹಿಂಡಿದ.

ಶೇಷಮ್ಮ ಒಂದು ಇಂಟರ್‌ಲಾಕ್ ಇಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಅಣ್ಣ, ಇದನ್ನ ಮರಳಿನ ಮೇಲೆ ಸುಮ್ನೆ ಜೋಡಿಸೋದಂತೆ. ಬೇಕಾದಾಗ ಎತ್ಕೋಬೋದಂತೆ," ಎಂದಳು.

"ಎತ್ತಿ ಸುತ್ತಿಡೋಕೆ ಇದೇನು ಚಾಪೇನಾ? ಸಂದೀಲೆಲ್ಲ ಹುಲ್ಲು ಬರುತ್ತೆ, ಇರುವೆ ಗೂಡು ಕಟ್ಟುತ್ತೆ. ಥೂ, ನನ್ ಮುಂದೆ ಅದರ ಮಾತೇ ಎತ್ಬೇಡ ಮಾರಾಯ್ತಿ!"

ಶೇಷಮ್ಮ ಇಟ್ಟಿಗೆಯನ್ನು ಸದ್ದಿಲ್ಲದೆ ಕೆಳಗಿಟ್ಟಳು. ಪ್ರಕಾಶ ಆರಿಸಿದ್ದು ಪಾರ್ಕಿಂಗ್ ಟೈಲು. ಹಳದಿಯ ಮೇಲೆ ಕೆಂಪು ಹೂವು, ಯಾರೋ ಕಾರಿಕೊಂಡ ಹಾಗಿತ್ತು ಅದರ ಬಣ್ಣ. ಬಣ್ಣದ ಜಗಳದಲ್ಲಿ ಚೌಡಪ್ಪ ಸೋತ. ಆ ಸಿಟ್ಟನ್ನೆಲ್ಲ ಅಡಿಯ ಕಾಂಕ್ರೀಟಿನ ಮೇಲೆ ತೀರಿಸಿಕೊಂಡ. "ತೆಳ್ಳಗೆ ಬಳಿದು ಹೋಗೋಕೆ ಇದೇನು ದೋಸೇನಾ? ಗೇಣು ದಪ್ಪ ಹಾಕ್ಸು. ಗೇಟಿಂದ ಹೊಸ್ತಿಲವರೆಗೂ ಒಂದು ಸಂದೂ ಬಿಡಬಾರ್ದು," ಎಂದು ಹಟ ಹಿಡಿದ. ಕೆಲಸ ನಡೆದಷ್ಟು ದಿನವೂ ಬಸ್ಸು ಹಿಡಿದು ಬಂದು, ಮೇಸ್ತ್ರಿಯ ತಲೆಯ ಮೇಲೆ ನಿಂತು ಬೈದು ಬೈದು ಹಾಕಿಸಿದ. ಮಣ್ಣು ಬಗೆದು ಗೇಟಿನಾಚೆ ಸುರಿಯುವಾಗಲೂ ಅಲ್ಲೇ ನಿಂತಿದ್ದ. ಈ ಗಲಾಟೆಯಲ್ಲಿ ಹಾಲುಗಂಬದ ನೆನಪು ಅವನಿಗಾಗಲಿ, ಮನೆಯ ಬೇರೆ ಯಾರಿಗಾಗಲಿ ಬರಲಿಲ್ಲ.

ಚಪ್ಪರದ ಬೆಳಿಗ್ಗೆ ಅರಿಶಿನ ಹಚ್ಚಿದ ಅತ್ತಿ ಕೊಂಬೆಯನ್ನು ಒಂದು ಕೈಯಲ್ಲಿ, ಹಾರೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಚೌಡಪ್ಪ ಗೇಟು ತೆರೆದ. ತೆರೆದವನು ಅಲ್ಲೇ ನಿಂತ. ಕಣ್ಣು ಹಾಯಿಸಿದಲ್ಲೆಲ್ಲ ಹಳದಿ ಟೈಲು. ಬೆರಳೂರಲು ಮಣ್ಣಿರಲಿಲ್ಲ.

ಪ್ರಕಾಶ ಮಾತ್ರ ಆ ಬೆಳಿಗ್ಗೆಯೇ ಉಪಾಯ ಹೂಡಿದ್ದ. ಪೇಂಟಿನ ಖಾಲಿ ಡಬ್ಬಿಗೆ ಮರಳು ತುಂಬಿ, ಸುತ್ತ ಚಿನ್ನದ ಬಣ್ಣದ ಕಾಗದ ಅಂಟಿಸಿ ಬಾಗಿಲ ಮುಂದೆ ಇಟ್ಟಿದ್ದ. "ಈಗೆಲ್ಲಾ ಕಡೆ ಹೀಗೇ ಭಾವ. ಇದರಲ್ಲಿ ಚುಚ್ಚಿಬಿಡಿ, ಫೋಟೋದಲ್ಲಿ ಗೊತ್ತೇ ಆಗಲ್ಲ."

ಚೌಡಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಜೀವಮಾನವೆಲ್ಲ ಪೆಟ್ಟಿಗೆಗೆ ಮರಳು ತುಂಬಿದ್ದು ಸಾಲದೆ, ಎತ್ತಿ ಆಡಿಸಿದ ಹುಡುಗಿಯ ಕಂಬವೂ ಮರಳಿನ ಡಬ್ಬಿಯಲ್ಲೇ ನಿಲ್ಲಬೇಕೆ? "ಥೂ ನಿನ್ನ! ಹಾಲುಗಂಬ ಅಂದ್ರೆ ಕ್ರೋಟನ್ ಗಿಡ ಅಂದ್ಕೊಂಡ್ಯಾ?" ಎಂದು ಡಬ್ಬಿಯನ್ನು ಕಾಲಿನಿಂದ ಸರಿಸಿ, ಹಾರೆ ಎತ್ತಿ ಬಾಗಿಲ ಪಕ್ಕ ಕುಕ್ಕಿದ. ಟೈಲು ಪುಡಿಯಾಯಿತು. ಅಡಿಯ ಕಾಂಕ್ರೀಟು ಠಣ್ಣೆಂದು ಹಾರೆಯನ್ನು ವಾಪಸು ಎಸೆಯಿತು. ಮತ್ತೆ ಕುಕ್ಕಿದ, ಇನ್ನೂ ಜೋರಾಗಿ ಕುಕ್ಕಿದ. ಅಂಗೈ ಕಿತ್ತು ರಕ್ತ ಬಂತೇ ಹೊರತು ಕಾಂಕ್ರೀಟಿನ ಮೇಲೆ ಬಿದ್ದದ್ದು ಬಿಳಿಯ ಗೀರು ಅಷ್ಟೇ. ನೆಂಟರಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಅದು ಒಡೆಯಲ್ಲ ಭಾವ. ನೀವೇ ನಿಂತು ಹಾಕ್ಸಿದ್ದಲ್ವಾ?" ಎಂದ ಪ್ರಕಾಶ. ಅದರಲ್ಲಿ ಕುಹಕವೇನೂ ಇರಲಿಲ್ಲ, ಹೆಮ್ಮೆಯೇ ಇತ್ತು. ಚೌಡಪ್ಪನಿಗೆ ಜನ್ಮದಲ್ಲೇ ಇಷ್ಟು ಹೇಸಿಗೆ ಆಗಿರಲಿಲ್ಲ. ಈ ಸಲ ಆ ಹೇಸಿಗೆಯನ್ನು ಇನ್ನೊಬ್ಬರ ಮೇಲೆ ಉಗಿಯುವಂತೆಯೂ ಇರಲಿಲ್ಲ.

ಕವನ ಮೆಟ್ಟಿಲಿಳಿದು ಬಂದು ಹಾರೆ ಹಿಡಿದುಕೊಂಡಳು. "ಸಾಕು ಮಾವ. ಗೇಟಿನಾಚೆ ಮಣ್ಣಿದೆ, ಅಲ್ಲಿ ನೆಡು."

"ಚರಂಡಿ ಪಕ್ಕದಲ್ಲಾ? ಬೀದೀಲಾ?"

"ನಾನೂ ಆಚೆ ಹೋಗೋಳೇ ಅಲ್ವಾ ಮಾವ?"

ಚೌಡಪ್ಪ ಅವಳ ಕೈಯಿಂದ ಹಾರೆ ಬಿಡಿಸಿಕೊಂಡ. ಹೊರಗೆ ಹೋಗಿ ತೋಡತೊಡಗಿದ. ಮೊದಲು ಬಂದದ್ದು ಪ್ಲಾಸ್ಟಿಕ್ ಕವರು, ಗುಟ್ಕಾ ಚೀಟಿ, ಕೊಳೆತ ಬಾಳೆಸಿಪ್ಪೆ. ಅದನ್ನೆಲ್ಲ ಕೈಯಾರೆ ಬಳಿದು ಹಾಕಿದ ಮೇಲೆ ಕೆಂಪು ಮಣ್ಣು ಕಂಡಿತು. ಅಂಗಳದಿಂದ ಬಗೆದು ತನ್ನ ಕಣ್ಣೆದುರೇ ಸುರಿಸಿದ್ದ ಮಣ್ಣು. ಅತ್ತಿ ಕೊಂಬೆ ನೆಟ್ಟು ಬುಡ ಗಟ್ಟಿ ಮಾಡಿದ. ಕವನ ಎರೆದ ಹಾಲನ್ನು ಮಣ್ಣು ಸರಸರನೆ ಹೀರಿಕೊಂಡಿತು.

ಚೌಡಪ್ಪ ತಲೆಯೆತ್ತಿ ಗೇಟಿನೊಳಗಿನ ಹಳದಿ ಅಂಗಳವನ್ನು ನೋಡಿದ. ಅದಕ್ಕೆ ಥೂ ಅನ್ನುವ ಯೋಗ್ಯತೆಯೂ ತನಗೆ ಉಳಿದಿಲ್ಲ ಅನ್ನಿಸಿತು.